ಲಂಗರಿನ ಮೇಲೆಯೇ ಬೇಸಿಗೆ ಕಳೆಯುವ ಯೋಚನೆ: ಅಯೋನಿಯನ್ ಕಡಲಿನಲ್ಲಿ ಹವೆ ತಿರುಗಿದರೆ ಏನು ಮಾಡ್ತೀರಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲೇ ಹಾಯಿದೋಣಿ ನಡೆಸೋದು ಕಲಿತು, ಈಗ 37 ಅಡಿಯ ಹಳೇ ದೋಣಿಯೊಂದನ್ನು ಕೊಂಡಿದ್ದೇವೆ. ಅದು ಗ್ರೀಸಿನ ಪ್ರೆವೆಜಾ ಹತ್ತಿರ, ದೋಣಿಗಳನ್ನು ನೆಲದ ಮೇಲೆ ಇಡುವ ಯಾರ್ಡಿನಲ್ಲಿ ನಿಂತಿದೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಯೂರೋಪಿನ ಶೆಂಗೆನ್ ವೀಸಾ ಲೆಕ್ಕದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಆ 90 ದಿನವನ್ನು ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಇಟ್ಟುಕೊಂಡು ಅಯೋನಿಯನ್ ಕಡಲಿನ ಲೆಫ್ಕಾಡ, ಮೆಗನೀಸಿ, ಇಥಾಕಾ, ಕೆಫಲೋನಿಯಾ ದ್ವೀಪಗಳ ಸುತ್ತಮುತ್ತ ದೋಣಿಯಲ್ಲೇ ಇರೋಣ ಅಂತಿದ್ದೇವೆ. ದಿನಾ ಮರೀನಾದಲ್ಲಿ (ಬಾಡಿಗೆಗೆ ದೋಣಿ ಕಟ್ಟುವ ಬಂದರು) ಕಟ್ಟುವಷ್ಟು ದುಡ್ಡಿಲ್ಲ, ಹೆಚ್ಚಿನ ರಾತ್ರಿ ಲಂಗರಿನ ಮೇಲೇ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದು ಎರಡು ವಾರ ನಮ್ಮ ಜೊತೆ ಇರ್ತಾರೆ.

ದೋಣಿ ಓಡುತ್ತಿರುವಾಗ ನನಗೆ ಅಷ್ಟು ಭಯವಿಲ್ಲ. ಭಯ ಇರೋದು ನಿಂತಾಗ. ಮಲಗಿದ್ದಾಗ ಗಾಳಿ ದಿಕ್ಕು ಬದಲಿಸಿದರೆ? ಲಂಗರು ಜಾರಿದ್ದು ಗೊತ್ತಾಗೋದು ಹೇಗೆ? ಮೊಬೈಲಿನ ಮುನ್ಸೂಚನೆಯನ್ನು ಎಷ್ಟು ನಂಬಬಹುದು? ತಿಂಗಳುಗಟ್ಟಲೆ ಹೀಗೆ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೀರಿ.

ಬಡಗಣಗಾಳಿ:
ತುಂಗಾತೀರ ಅವರೇ, ನಾನು ಮತ್ತು ನನ್ನ ಹೆಂಡತಿ ಬೇಸಿಗೆಗಳನ್ನು ಅದೇ ಕಡಲಿನಲ್ಲಿ ಕಳೆಯುವವರು. ನೀವು ರಾತ್ರಿಯ ಬಗ್ಗೆ ಕೇಳಿದ್ದೀರಿ. ನಾನು ಮಧ್ಯಾಹ್ನದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಎನ್ನುವುದು ಮಧ್ಯಾಹ್ನ ಮೂರು ಗಂಟೆಗೇ ತೀರ್ಮಾನವಾಗಿರುತ್ತದೆ. ಆಗ ಬೆಳಕಿರುತ್ತದೆ, ಕೊಲ್ಲಿಗಳು ತುಂಬಿರುವುದಿಲ್ಲ, ಜಾಗ ಹಿಡಿಸದಿದ್ದರೆ ಎದ್ದು ಇನ್ನೊಂದು ಕಡೆ ಹೋಗಲು ಹೊತ್ತಿರುತ್ತದೆ. ನಡುರಾತ್ರಿ ಎರಡು ಗಂಟೆಗೆ ಈ ಮೂರೂ ಇರುವುದಿಲ್ಲ.

ಎಲ್ಲ ಗಾಳಿಗೂ ಒಳ್ಳೆಯದಾದ ಕೊಲ್ಲಿ ಎಲ್ಲೂ ಇಲ್ಲ. ನಕ್ಷೆ ತೆರೆದಿಟ್ಟು, ಎಂಟು ದಿಕ್ಕಿನಿಂದಲೂ ಒಂದೊಂದಾಗಿ ಗಾಳಿ ಬೀಸಿತು ಅಂದುಕೊಳ್ಳಿ. ಪ್ರತಿ ಸಲವೂ ದೋಣಿಯ ಬೆನ್ನ ಹಿಂದೆ ಏನು ಬರುತ್ತದೆ ನೋಡಿ. ಗಾಳಿ ದಡದ ಕಡೆಯಿಂದ ಬೀಸುತ್ತಿದ್ದರೆ, ಲಂಗರು ಜಾರಿದರೂ ದೋಣಿ ಬಯಲು ನೀರಿಗೆ ಹೋಗುತ್ತದೆ, ಎಂಜಿನ್ ಹಾಕಿ ಸುಧಾರಿಸಿಕೊಳ್ಳಬಹುದು. ಕಡಲಿನಿಂದ ದಡಕ್ಕೆ ಬೀಸಿದರೆ ಬೆನ್ನಿಗೇ ಬಂಡೆ. ಮುನ್ಸೂಚನೆಯಲ್ಲಿ ಅಂಥ ಗಾಳಿಯ ಸೂಚನೆ ಇದ್ದರೆ ಆ ಜಾಗ ಎಷ್ಟೇ ಚೆಂದವಿದ್ದರೂ ಬಿಟ್ಟು ಹೊರಡಿ.

ಬೇಸಿಗೆಯ ದಿನಚರಿ ಹೀಗಿರುತ್ತದೆ. ಬೆಳಗ್ಗೆ ನೀರು ಅಲ್ಲಾಡುವುದಿಲ್ಲ. ಮಧ್ಯಾಹ್ನಕ್ಕೆ ವಾಯವ್ಯದಿಂದ ಮೈಸ್ತ್ರೋ ಅನ್ನುವ ಗಾಳಿ ಏಳುತ್ತದೆ, ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 4ರಿಂದ 5, ಸೂರ್ಯ ಮುಳುಗಿದ ಮೇಲೆ ತಗ್ಗುತ್ತದೆ. ಹೊಸಬರು ಎಡವುವುದು ಇಲ್ಲೇ. ಸಂಜೆಯ ವಾಯವ್ಯ ಗಾಳಿಗೆ ಮರೆ ನೋಡಿ ನಿಲ್ಲುತ್ತಾರೆ. ರಾತ್ರಿ ಬೆಟ್ಟದ ಮೇಲಿನ ಗಾಳಿ ತಣಿದು ಕೆಳಗಿಳಿದಾಗ ದೋಣಿ ಪೂರ್ತಿ ತಿರುಗಿ ನಿಲ್ಲುತ್ತದೆ, ಸಂಜೆ ದೂರವಿದ್ದ ಬಂಡೆ ಆಗ ಹತ್ತಿರವಾಗಿರುತ್ತದೆ. ದೋಣಿ ಸುತ್ತುವ ಪೂರ್ತಿ ವೃತ್ತವನ್ನು ಕಣ್ಣಳತೆಯಲ್ಲಿ ಹಾಕಿಕೊಂಡೇ ಲಂಗರು ಬಿಡಬೇಕು.

ಇನ್ನು ಹಾಕುವ ಕ್ರಮ. ಆಳ 6 ಮೀಟರ್ ಇದೆ ಅನ್ನಿ. ನೀರಿನಿಂದ ದೋಣಿಯ ಮೂತಿಗೆ ಇರುವ 1.2 ಮೀಟರ್ ಎತ್ತರವನ್ನೂ ಸೇರಿಸಿ 7.2. ಸಾಧಾರಣ ಹವೆಗೆ ಇದರ 5 ಪಟ್ಟು, ಅಂದರೆ 36 ಮೀಟರ್ ಚೈನು. ಜೋರು ಗಾಳಿ ಬರಬಹುದು ಅಂದರೆ 7 ಪಟ್ಟು, 50 ಮೀಟರ್. ಆ ಕಡಲಿನಲ್ಲಿ ಉಬ್ಬರ–ಇಳಿತ ತೀರಾ ಕಮ್ಮಿ, ಅದರ ಲೆಕ್ಕ ನಿಮಗೆ ಇಂಗ್ಲೆಂಡಿನಷ್ಟು ಕಾಡುವುದಿಲ್ಲ. ತಳದಲ್ಲಿ ಕಪ್ಪಗೆ ಕಾಣುವುದು ಪೊಸಿಡೋನಿಯಾ ಹುಲ್ಲು. ಅದರ ಮೇಲೆ ಲಂಗರು ಸರಿಯಾಗಿ ಕಚ್ಚುವುದಿಲ್ಲ, ಹುಲ್ಲು ಕಿತ್ತುಬಂದರೆ ಮೀನುಮರಿಗಳ ನೆಲೆಯೂ ಹಾಳು. ತಿಳಿಯಾಗಿ ಕಾಣುವ ಮರಳಿನ ಜಾಗ ಹುಡುಕಿ.

ಚೈನು ಬಿಟ್ಟ ಮೇಲೆ ಅವಸರ ಬೇಡ. ದೋಣಿ ತಾನಾಗಿ ಹಿಂದೆ ಹೋಗಿ ಚೈನು ನೇರವಾಗಲಿ. ಆಮೇಲೆ ಗೇರನ್ನು ಹಿಂದಕ್ಕೆ ಹಾಕಿ, ಮೆಲ್ಲಗೆ ವೇಗ ಏರಿಸಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಒಬ್ಬರು ಮುಂದೆ ಕೂತು ಬಿಗಿಯಾದ ಚೈನಿನ ಮೇಲೆ ಅಂಗೈ ಇಟ್ಟಿರಲಿ. ಲಂಗರು ಕಚ್ಚಿದ್ದರೆ ಚೈನು ಬಿಗಿದು ಸುಮ್ಮನಿರುತ್ತದೆ. ಜಾರುತ್ತಿದ್ದರೆ ಕಲ್ಲಿನ ಮೇಲೆ ಉಜ್ಜಿದ ಗರಗರ ನೇರ ಅಂಗೈಗೆ ಬರುತ್ತದೆ, ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಪಕ್ಕದ ದಡದಲ್ಲಿ ಒಂದರ ಹಿಂದೊಂದು ಇರುವ ಎರಡು ಗುರುತು ನೋಡುತ್ತಿರಲಿ, ಮನೆಯ ಮೂಲೆ ಮತ್ತು ಅದರ ಹಿಂದಿನ ಮರ, ಹೀಗೆ. ಅವೆರಡರ ನಡುವಿನ ಅಂತರ ಬದಲಾಗದಿದ್ದರೆ ನಿಂತಿರಿ ಅಂತ ಅರ್ಥ. ಕೊನೆಗೆ ಈಜುಗನ್ನಡಕ ಹಾಕಿ ಇಳಿದು ಲಂಗರನ್ನು ಕಣ್ಣಾರೆ ನೋಡಿ. ಆ ನೀರು ತಿಳಿಯಾಗಿರುತ್ತದೆ, ನೋಡದೆ ಮಲಗಲು ನೆಪವೇ ಇಲ್ಲ.

ಹುಬ್ಬಳ್ಳಿ ಇಂಜಿನಿಯರ್:
ನೋಡ್ರಿ, ಮೊದ್ಲು ಲಂಗರು ಯಾವ್ದು ಅಂತ ಕೇಳ್ಬೇಕು. ಹಳೇ ದೋಣಿ ಅಂದ್ರಿ, ಅದರ ಮೂತಿಯೊಳಗ ಸಿಕ್ಯೂಆರ್ ಅನ್ನೋ ಹಳೇ ಮಾದರಿ ಲಂಗರು ಇರೋ ಸಾಧ್ಯತಿ ಭಾಳ. ಅದು 1933ರ ವಿನ್ಯಾಸ, ಜಿ. ಐ. ಟೇಲರ್ ಅನ್ನೋ ದೊಡ್ಡ ಭೌತವಿಜ್ಞಾನಿ ಮಾಡಿದ್ದು, ಅವತ್ತಿಗೆ ಅದರಷ್ಟು ಚಲೋ ಇನ್ನೊಂದಿರಲಿಲ್ಲ. ಈಗಿನ ರೋಕ್ನಾ, ಸ್ಪೇಡ್, ಮ್ಯಾಂಟಸ್ ಥರದವು ಮರಳಿನೊಳಗ ಬೇಗ ಇಳೀತಾವ, ಗಾಳಿ ತಿರುಗಿದಾಗ ಮತ್ತ ತಾವಾಗೇ ಕಚ್ಕೋತಾವ. ನಿಮ್ಮ ದೋಣಿಗೆ 20 ಕೆಜಿಗಿಂತ ಕಮ್ಮಿ ಬ್ಯಾಡ.

ಇನ್ನೊಂದು ಲೆಕ್ಕ ತಲಿಯೊಳಗ ಇಟ್ಕೊರಿ. ಗಾಳಿ ಎರಡು ಪಟ್ಟಾದ್ರ ದೋಣಿ ಮ್ಯಾಲಿನ ಒತ್ತಡ ನಾಲ್ಕು ಪಟ್ಟಾಗತೈತಿ. 15 ನಾಟ್‌ (ಗಾಳಿ ವೇಗದ ಅಳತಿ) ಗಾಳಿಯೊಳಗ ಹಾಯಾಗಿ ನಿಂತ ಲಂಗರಿಗೆ 30 ನಾಟ್ ಅಂದ್ರ ನಾಕು ದೋಣಿ ಹಿಡದಂಗ. ಸಣ್ಣ ಗಾಳಿಯೊಳಗ ಚೈನಿನ ತೂಕ ಜೋತುಬಿದ್ದು ಜಗ್ಗು ತಡೀತೈತಿ. ಜೋರು ಗಾಳಿಗೆ ಆ ಜೋತು ಪೂರಾ ನೆಟ್ಟಗಾಗಿಬಿಡತೈತಿ, ಆಮ್ಯಾಲ ಪ್ರತಿ ಅಲಿಗೂ ಲಂಗರಿಗೆ ಝಟಕಾ. ಅದಕ್ಕ 12 ಮಿಮೀ ನೈಲಾನ್ ಹಗ್ಗ ಒಂದು 8–10 ಮೀಟರ್ ತಗೊಂಡು ಚೈನಿಗೆ ಕೊಂಡಿ ಹಾಕಿ ದೋಣಿಗೆ ಕಟ್ರಿ, ಸ್ನಬ್ಬರ್ ಅಂತಾರ. ನೈಲಾನ್ ಹಿಗ್ಗತೈತಿ, ಕಾರಿನ ಶಾಕ್ ಅಬ್ಸಾರ್ಬರ್ ಕೆಲಸ ಅದು ಮಾಡತೈತಿ. ಚೈನಿನ ಸದ್ದೂ ಒಳಗ ಬರಂಗಿಲ್ಲ, ನಿದ್ದಿ ಬರತೈತಿ. ಒಳ್ಳೆ ಲಂಗರು, ಉದ್ದ ಚೈನು, ಸ್ನಬ್ಬರ್ ಇದ್ರ ಮಧ್ಯಾಹ್ನದ ಚಿಂತಿ ಅಷ್ಟೆಲ್ಲಾ ಮಾಡೋದು ಬ್ಯಾಡ ಅನ್ನೋದು ನನ್ನ ಅಭಿಪ್ರಾಯ.

ಬಡಗಣಗಾಳಿ:
ಇಂಜಿನಿಯರ್ ಸಾಹೇಬರೇ, ಲಂಗರಿನ ಬಗ್ಗೆ, ಸ್ನಬ್ಬರ್ ಬಗ್ಗೆ ನಿಮ್ಮ ಪ್ರತಿ ಮಾತೂ ಒಪ್ಪುತ್ತೇನೆ. ಕೊನೆಯ ವಾಕ್ಯ ಮಾತ್ರ ಒಪ್ಪುವುದಿಲ್ಲ.

ಲೆಫ್ಕಾಡದ ನಿದ್ರಿ ಊರಿನ ಪಕ್ಕದಲ್ಲಿ ವ್ಲಿಹೋ ಕೊಲ್ಲಿ ಇದೆ. ಸುತ್ತ ಬೆಟ್ಟ, ಬಾಯಿ ಕಿರಿದು, ತಳ ಜಿಗುಟು ಕೆಸರು, ಲಂಗರು ಗಟ್ಟಿಯಾಗಿ ಕಚ್ಚುತ್ತದೆ. ಆ ಸುತ್ತಿನಲ್ಲಿ ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುತ್ತಾರೆ. 2011ರ ಸೆಪ್ಟೆಂಬರಿನಲ್ಲಿ ಅದೇ ಕೊಲ್ಲಿಯ ಮೇಲೆ ಗುಡುಗಿನ ಮೋಡವೊಂದು ಕುಸಿದು, ಕೆಲವೇ ನಿಮಿಷಗಳಲ್ಲಿ ದೋಣಿಗಳು ಮಗುಚಿದವು, ಮುಳುಗಿದವು, ಒಂದರ ಮೇಲೊಂದು ಬಿದ್ದವು. ಲಂಗರು ಗಟ್ಟಿಯಾಗಿ ಹಿಡಿದಿದ್ದ ದೋಣಿಗೂ ಎದುರಿನಿಂದ ಜಾರಿ ಬಂದ ಇನ್ನೊಂದು ದೋಣಿ ಗುದ್ದಿದರೆ ಏನು ಮಾಡಲು ಬರುತ್ತದೆ? ನಮ್ಮ ಸಾಮಾನು ಎಷ್ಟೇ ಒಳ್ಳೆಯದಿರಲಿ, ಗಾಳಿ ಬರುವ ದಿಕ್ಕಿನಲ್ಲಿ ಯಾರು ನಿಂತಿದ್ದಾರೆ, ಅವರು ಎಷ್ಟು ಚೈನು ಬಿಟ್ಟಿದ್ದಾರೆ ಅನ್ನುವುದೂ ನಮ್ಮ ಲೆಕ್ಕಕ್ಕೆ ಸೇರಬೇಕು. ಅದನ್ನು ನೋಡುವ ಹೊತ್ತು ಮಧ್ಯಾಹ್ನವೇ.

ಮಲ್ಪೆ ದಕ್ಕೆ:
ನಮ್ಮದು ಮೀನುಗಾರಿಕೆಯ ಮನೆ, ನಿಮ್ಮ ಹಾಯಿದೋಣಿ ಬೇರೆ, ನಮ್ಮ ಬೋಟು ಬೇರೆ. ಆದರೆ ಮೇಲಿನವರು ಹೇಳಿದ ಮಾತು ನಮ್ಮಲ್ಲೂ ಹಾಗೇ ಉಂಟು ಮಾರಾಯ್ರೆ. ಆಳಸಮುದ್ರದಲ್ಲಿ ಇರುವಾಗ ತೂಫಾನಿನ ಸುದ್ದಿ ಬಂದರೆ ಬೋಟು ನಡೆಸುವ ತಂಡೇಲ ನೋಡುವುದು, ಅಳಿವೆಯ ಬಾಯಲ್ಲಿ ತೆರೆ ಏಳುವ ಮೊದಲು ಒಳಗೆ ಹೋಗಲಿಕ್ಕೆ ಆಗ್ತದಾ ಇಲ್ಲವಾ ಅಂತ. ನಮ್ಮ ಕರಾವಳಿಯ ಬಂದರುಗಳು ಹೆಚ್ಚಿನವು ಹೊಳೆಬಾಗಿಲಿನಲ್ಲಿವೆ. ಗಂಗೊಳ್ಳಿಯ ಅಳಿವೆಯಲ್ಲಿ ಹೂಳಿನ ಕಥೆ ಎಲ್ಲರಿಗೂ ಗೊತ್ತು. ತೆರೆ ಎದ್ದ ಮೇಲೆ ಅಲ್ಲಿ ಹೊಗ್ಗುವುದಕ್ಕಿಂತ ಹೊರಗೆ ಇರುವುದೇ ವಾಸಿ.

ಹಾಗಾಗಿ ಬಡಗಿನಲ್ಲಿ ಇರುವವರು ಕಾರವಾರಕ್ಕೆ ಹೋಗ್ತಾರೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಬೇರೆ ಬೇರೆ ರಾಜ್ಯದ ನೂರಾರು ಬೋಟುಗಳು ಅಲ್ಲಿ ಆಶ್ರಯ ಪಡೆದವು. ತೆಂಕು–ಪಡುವಣದ ಗಾಳಿಗೆ ಬೈತಖೋಲದ ಗುಡ್ಡ ಅಡ್ಡ ನಿಲ್ತದೆ, ನೀರೂ ಬೇಕಾದಷ್ಟು ಉಂಟು, ಅಳಿವೆ ದಾಟುವ ಕೆಲಸ ಇಲ್ಲ. ಅಲ್ಲಿ ನಿಂತರೂ ಬೋಟಿನಿಂದ ಎಲ್ಲರೂ ಇಳಿದು ಹೋಗುವ ಕ್ರಮ ಇಲ್ಲ. ಎಂಜಿನು ಗೊತ್ತಿರುವವ ಒಬ್ಬ ಬೋಟಿನಲ್ಲೇ ಇರಬೇಕು. ನಿಮಗೂ ಅದನ್ನೇ ಹೇಳ್ತೇನೆ: ಮೋಡ ಕಟ್ಟಿದ ದಿನ ಇಬ್ಬರೂ ಒಟ್ಟಿಗೆ ಊರು ನೋಡಲಿಕ್ಕೆ ಹೋಗಬೇಡಿ.

ಮತ್ತೆ, ನಮ್ಮಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮೀನಿನ ಸಂತತಿಗಾಗಿ ಮಾಡಿದ ಕಾನೂನು ಅದು, ಆದರೆ ಆ ಸಮಯದ ಕಡಲಿನಲ್ಲಿ ಇರಬಾರದು ಅಂತ ಹಿರಿಯರಿಗೆ ಕಾನೂನಿಗಿಂತ ಮೊದಲೇ ಗೊತ್ತಿತ್ತು. ನೀವು ಹೋಗುವ ಕಡಲಿಗೂ ಅಂಥ ತಿಂಗಳು ಇರಬೇಕಲ್ಲ? ಅದನ್ನು ತಿಳಿದವರು ಹೇಳಿ.

ಸೆಕೆಂಡ್ ಆಫೀಸರ್:
ಹಡಗಿನಲ್ಲಿ ಕೆಲಸ ಮಾಡುವವನು ನಾನು. ನಮ್ಮಲ್ಲಿ ಲಂಗರು ಹಾಕಿದ ಮೇಲೂ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಪಾಳಿಯ ಕಾವಲು ಮುಂದುವರಿಯುತ್ತದೆ. ಹವೆ ಕೆಡುತ್ತದೆ ಅಂದರೆ ದೊಡ್ಡ ಹಡಗುಗಳು ಲಂಗರು ಎತ್ತಿ ಬಯಲು ಕಡಲಿಗೇ ಹೋಗುತ್ತವೆ, ದಡದ ಹತ್ತಿರ ಇರುವುದೇ ಅಪಾಯ ಅಂತ.

ಅಲಾರಂ ಬಗ್ಗೆ ಒಂದು ಮುಖ್ಯ ವಿಷಯ. ಮೊಬೈಲಿನ ಆ್ಯಂಕರ್ ಅಲಾರಮ್ಮನ್ನು ದೋಣಿ ಬಂದು ನಿಂತ ಮೇಲೆ ಹಚ್ಚಬೇಡಿ. ಲಂಗರು ತಳ ಮುಟ್ಟಿದ ಕ್ಷಣದಲ್ಲೇ ಆ ಜಾಗವನ್ನು ಗುರುತು ಹಾಕಿ. ವೃತ್ತದ ನಡು ಲಂಗರು, ದೋಣಿ ಅಲ್ಲ. 36 ಮೀಟರ್ ಚೈನು, 11 ಮೀಟರ್ ದೋಣಿ, ಸೇರಿ 47. ತ್ರಿಜ್ಯ 50 ಇಟ್ಟರೆ ಗಾಳಿ ಯಾವ ಕಡೆ ತಿರುಗಿದರೂ ಸುಮ್ಮನೆ ಕೂಗುವುದಿಲ್ಲ, ಲಂಗರು ಜಾರಿದರೆ ಮಾತ್ರ ಕೂಗುತ್ತದೆ. ಸುಮ್ಮಸುಮ್ಮನೆ ಕೂಗುವ ಅಲಾರಮ್ಮನ್ನು ಜನ ಎರಡನೇ ರಾತ್ರಿ ಆರಿಸಿ ಮಲಗುತ್ತಾರೆ. ಕತ್ತಲಾಗುವ ಮೊದಲು ಕಂಬದ ತುದಿಯಲ್ಲಿ ಸುತ್ತಲೂ ಕಾಣುವ ಬಿಳಿ ದೀಪ, ಹಗಲಲ್ಲಿ ಮುಂದೆ ಚೆಂಡಿನಂಥ ಕಪ್ಪು ಗುಂಡು ಇರಬೇಕು. ಇದು ಅಂತರರಾಷ್ಟ್ರೀಯ ನಿಯಮ.

ಬಡಗಣಗಾಳಿಯವರ ಮಾತಿಗೆ ಹಳೆಯ ಉದಾಹರಣೆ ಬೇಕಿದ್ದರೆ ಮೆಕ್ಸಿಕೋದ ಕಾಬೋ ಸಾನ್ ಲುಕಾಸ್, 1982ರ ಡಿಸೆಂಬರ್. ಮರಳು ದಂಡೆಯ ಮುಂದೆ ಹಾಯಿದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಗಾಳಿ ಕಡಲಿನಿಂದ ದಡದ ಕಡೆಗೆ ಎದ್ದಿತು. ಎರಡು ಡಜನ್ನಿಗೂ ಹೆಚ್ಚು ದೋಣಿಗಳು ಒಂದೇ ರಾತ್ರಿಯಲ್ಲಿ ದಂಡೆಗೆ ಬಿದ್ದವು. ಅದರಲ್ಲಿ ಒಂದು, ಭೂಮಿಯನ್ನೇ ಸುತ್ತಿದ ಬರ್ನಾರ್ ಮ್ವಾತೆಸ್ಯೆ ಅವರ ಜೋಶುವಾ. ಆತನಿಗಿಂತ ಅನುಭವಸ್ಥರು ಆ ಕಾಲದಲ್ಲಿ ಎಷ್ಟು ಜನ ಇದ್ದರು? ಅನುಭವಕ್ಕೂ ಲಂಗರಿಗೂ ಮಿತಿ ಇದೆ, ಬೆನ್ನಿಗೆ ದಡ ಬಂದರೆ ಯಾವುದೂ ಸಾಲುವುದಿಲ್ಲ.

ತುಂಗಾತೀರ:
ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಯಾರ್ಡಿಗೆ ಫೋನ್ ಮಾಡಿ ಕೇಳಿದೆ, ಇಂಜಿನಿಯರ್ ಅವರು ಹೇಳಿದ ಹಾಗೆ ಇರೋದು ಸಿಕ್ಯೂಆರ್ ಲಂಗರೇ. ಹೊಸದಕ್ಕೆ ದುಡ್ಡು ತೆಗೆದಿಡ್ತೇವೆ.

ಮಲ್ಪೆಯವರ ಪ್ರಶ್ನೆಯೇ ನನ್ನದೂ. ಸೆಪ್ಟೆಂಬರ್ ಅಂದರೆ ಸೆಕೆ ಇಳಿದಿರುತ್ತೆ, ಜನಜಂಗುಳಿ ಕಮ್ಮಿ, ಅಪ್ಪ ಅಮ್ಮನಿಗೆ ಹಿತ ಅಂದುಕೊಂಡಿದ್ದೆ. ವ್ಲಿಹೋದಲ್ಲಿ ಆಗಿದ್ದೂ ಸೆಪ್ಟೆಂಬರ್‌ನಲ್ಲೇ ಅಂತ ಓದಿ ಯೋಚನೆ ಹತ್ತಿದೆ. ಮುನ್ಸೂಚನೆಯಲ್ಲಿ ಇಂಥದ್ದು ಮೊದಲೇ ಕಾಣೋದಿಲ್ವಾ?

ಬಡಗಣಗಾಳಿ:
ಎರಡು ಬಗೆಯ ಕೆಟ್ಟ ಹವೆ ಇದೆ, ಅವನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಒಂದು, ದೊಡ್ಡದು. 2020ರ ಸೆಪ್ಟೆಂಬರಿನಲ್ಲಿ ಇಯಾನೋಸ್ ಅನ್ನುವ ಮೆಡಿಟರೇನಿಯನ್ ಚಂಡಮಾರುತ ಕೆಫಲೋನಿಯಾ, ಇಥಾಕಾಗಳ ಮೇಲೆಯೇ ಬಂತು. ಅದು ಬರುವುದು ದಿನಗಳ ಮುಂಚೆ ಗೊತ್ತಿತ್ತು. ಅಂಥದ್ದಕ್ಕೆ ಮಾಡಬೇಕಾದ್ದು ಸರಳ: ಖರ್ಚಾದರೂ ಸರಿ, ಒಳ್ಳೆಯ ಮರೀನಾದಲ್ಲಿ ಮೊದಲೇ ಜಾಗ ಹಿಡಿದು, ಹಾಯಿಗಳನ್ನೆಲ್ಲ ಇಳಿಸಿ, ಹಗ್ಗ ಎರಡೆರಡು ಕಟ್ಟಿ, ನೀವು ದಡದಲ್ಲಿ ರೂಮು ಮಾಡಿಕೊಂಡು ಮಲಗುವುದು.

ಇನ್ನೊಂದು, ಚಿಕ್ಕದು, ಮೋಸದ್ದು. ಬೇಸಿಗೆಯಿಡೀ ಕಾದ ಕಡಲಿನ ಮೇಲೆ ತಂಪು ಗಾಳಿ ಬಂದಾಗ ಗುಡುಗಿನ ಮೋಡಗಳು ಏಳುತ್ತವೆ. ಆಗಸ್ಟ್ ಮಧ್ಯದಿಂದ ಇದು ಶುರು, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು. ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕ ಚೌಕವಾಗಿ ಹಂಚಿಕೊಂಡು ಲೆಕ್ಕ ಹಾಕುತ್ತವೆ. ಮೊಬೈಲಿನಲ್ಲಿ ನೀವು ನೋಡುವ ಯೂರೋಪಿನ ಇಸಿಎಂಡಬ್ಲ್ಯುಎಫ್ ಮಾದರಿಯ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್ ಇನ್ನೂ ದೊಡ್ಡದು, ಸುಮಾರು 13. ಒಂದು ಗುಡುಗುಮೋಡ ಅಷ್ಟರೊಳಗೇ ಹುಟ್ಟಿ ಸಾಯಬಲ್ಲದು. ಪರದೆಯ ಮೇಲೆ 6 ನಾಟ್ ಅಂತ ಇರುತ್ತದೆ, ನಿಮ್ಮ ಕೊಲ್ಲಿಯಲ್ಲಿ 50 ಇರುತ್ತದೆ. 2022ರ ಆಗಸ್ಟ್ 18ರ ಬೆಳಗ್ಗೆ ಫ್ರಾನ್ಸಿನ ಕಾರ್ಸಿಕಾ ದ್ವೀಪದ ಮೇಲೆ ಇಂಥ ಗುಡುಗುಗಾಳಿ ಗಂಟೆಗೆ 220 ಕಿ.ಮೀ. ದಾಟಿ ಬೀಸಿತು. ಬೇಸಿಗೆಯ ರಜೆಗೆ ಬಂದು ಲಂಗರು ಹಾಕಿದ್ದ ಎಷ್ಟೋ ದೋಣಿಗಳು ಬಂಡೆಗೆ ಬಿದ್ದವು. ಫ್ರಾನ್ಸಿನ ಹವಾಮಾನ ಇಲಾಖೆಗೇ ಅದರ ಜೋರು ಮೊದಲೇ ಸಿಕ್ಕಿರಲಿಲ್ಲ.

2024ರ ಆಗಸ್ಟ್ 19ರ ಬೆಳಗಿನ ಜಾವ ಸಿಸಿಲಿಯ ಪೋರ್ತಿಚೆಲ್ಲೋ ಮುಂದೆ ಲಂಗರು ಹಾಕಿದ್ದ 56 ಮೀಟರ್ ಉದ್ದದ ಬೇಯೇಸಿಯನ್ ಅನ್ನುವ ಹಾಯಿಹಡಗು ಮುಳುಗಿದ್ದು ನಿಮಗೆ ನೆನಪಿರಬಹುದು. 22 ಜನರಲ್ಲಿ 7 ಮಂದಿ ಹೋದರು. ಹತ್ತಿರದಲ್ಲೇ ಇನ್ನೊಂದು ಹಾಯಿಹಡಗು ನಿಂತಿತ್ತು. ಅದರವರು ಎಂಜಿನ್ ಚಾಲೂ ಮಾಡಿ ಹಡಗನ್ನು ಹತೋಟಿಯಲ್ಲಿ ಇಟ್ಟುಕೊಂಡರು, ಬದುಕಿ ಉಳಿದ 15 ಮಂದಿಯನ್ನು ಹತ್ತಿಸಿಕೊಂಡವರೂ ಅವರೇ. ಹಡಗುಗಳು ಬೇರೆ ಬೇರೆ, ಹೋಲಿಸಿ ಯಾರನ್ನೂ ದೂರುವುದು ನನ್ನ ಉದ್ದೇಶ ಅಲ್ಲ. ನಮ್ಮಂಥ ಸಣ್ಣ ದೋಣಿಯವರು ಇದರಿಂದ ತೆಗೆದುಕೊಳ್ಳಬೇಕಾದ್ದು ಒಂದಿದೆ. ಮಿಂಚು ಹತ್ತಿರ ಬರುತ್ತಿದ್ದರೆ ಎದ್ದು, ಲೈಫ್‌ಜಾಕೆಟ್ ಹಾಕಿ, ಮೇಲಿನ ಕಿಂಡಿಗಳನ್ನೆಲ್ಲ ಮುಚ್ಚಿ, ಎಂಜಿನ್ ಚಾಲೂ ಮಾಡಿ ಕೂರಬೇಕು. ಗಾಳಿ ಬಡಿದಾಗ ಗೇರು ಮುಂದಕ್ಕೆ ಹಾಕಿ ಚೈನಿನ ಭಾರ ಸ್ವಲ್ಪ ಇಳಿಸಿದರೆ ಸಾಕು, ಚೈನನ್ನು ದಾಟಿ ಮುಂದೆ ಓಡಬಾರದು. ಇಂಥ ಗಾಳಿ ಹೆಚ್ಚಿನ ಸಲ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಮುನ್ಸೂಚನೆಯಲ್ಲಿ ಗಾಳಿಯ ಬಾಣಗಳನ್ನು ಮಾತ್ರ ನೋಡಬೇಡಿ. ಕೇಪ್ ಅನ್ನುವ ಅಂಕಿ ಇರುತ್ತದೆ, ಗಾಳಿಯಲ್ಲಿ ಗುಡುಗಿಗೆ ಬೇಕಾದ ಶಕ್ತಿ ಎಷ್ಟು ಕೂಡಿದೆ ಅಂತ ಹೇಳುತ್ತದೆ. ಅದು ಏರಿದ ದಿನ ಬಾಣಗಳು ಏನೇ ಹೇಳಲಿ, ನಾವು 7 ಪಟ್ಟು ಚೈನು ಬಿಡುತ್ತೇವೆ, ದಡಕ್ಕೆ ಹೋಗಿಬರುವ ಸಣ್ಣ ದೋಣಿ ಡಿಂಗಿಯನ್ನು ಮೇಲೆ ಎತ್ತಿ ಕಟ್ಟುತ್ತೇವೆ, ಬಿಸಿಲಿಗೆ ಮರೆಯಾಗಿ ಕಟ್ಟಿದ ಚಪ್ಪರದ ಬಟ್ಟೆ ಬಿಚ್ಚಿ ಒಳಗಿಡುತ್ತೇವೆ. ರಾತ್ರಿ ಎಚ್ಚರವಾದಾಗ ಬ್ಲಿಟ್ಸೋರ್ಟುಂಗ್ ಅನ್ನುವ ಜಾಲತಾಣದ ಮಿಂಚಿನ ನಕ್ಷೆ ನೋಡುತ್ತೇವೆ. ಚುಕ್ಕಿಗಳು ನಮ್ಮ ಕಡೆ ನಡೆದು ಬರುತ್ತಿವೆಯೋ, ಪಕ್ಕಕ್ಕೆ ಹೋಗುತ್ತಿವೆಯೋ ಅಷ್ಟು ತಿಳಿದರೆ ಸಾಕು. ಅಂಥ ರಾತ್ರಿ ದಡದ ಮರಕ್ಕೆ ಹಗ್ಗ ಕಟ್ಟಿ ನಿಲ್ಲುವುದು ನನಗೆ ಇಷ್ಟವಿಲ್ಲ. ಮೆಗನೀಸಿಯ ಅಬೆಲಿಕೆಯಂಥ ಕಡೆ ಎಲ್ಲರೂ ಹಿಂಬದಿಯನ್ನು ಮರಕ್ಕೆ ಕಟ್ಟಿ ಸಾಲಾಗಿ ನಿಲ್ಲುತ್ತಾರೆ, ಹಗಲಿಗೆ ಅದು ಸ್ವರ್ಗ. ಗಾಳಿ ಪಕ್ಕದಿಂದ ಬಡಿದರೆ ದೋಣಿ ತಿರುಗಲಾರದೆ ಪೂರ್ತಿ ಮೈ ಕೊಟ್ಟು ನಿಲ್ಲುತ್ತದೆ.

ಹಾಗಾಗಿ ನಿಮ್ಮ 90 ದಿನವನ್ನು ಮೇ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತನ್ನಿ. ಮೊದಲ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಹತ್ತಿರ ಇಲ್ಲ. ಗ್ರೀಸಿನ ಪೂರ್ವಕ್ಕಿರುವ ಈಜನ್ ಕಡಲಿನ ಕಡೆ ಬೇಸಿಗೆಯಲ್ಲಿ ಮೆಲ್ಟೆಮಿ ಅನ್ನುವ ಜೋರು ಗಾಳಿ ದಿನಗಟ್ಟಲೆ ಬೀಸುತ್ತದೆ, ನೀವು ಹೋಗುತ್ತಿರುವ ಕಡೆ ಅದರ ಕಾಟವಿಲ್ಲ.

ಕಡಲಮನೆ:
ನಾನೂ ಮಕ್ಕಳೊಂದಿಗೆ ದೋಣಿಯಲ್ಲಿ ಇದ್ದವಳು. ಅಪ್ಪ ಅಮ್ಮನ ವಿಷಯಕ್ಕೆ ಮಾತ್ರ ಬರೀತೀನಿ. ಲಂಗರಿನ ಮೇಲೆ ವಯಸ್ಸಾದವರಿಗೆ ಕಷ್ಟವಾಗೋದು ಬಿರುಗಾಳಿಯಲ್ಲ, ಗಾಳಿ ನಿಂತ ಮೇಲೆ ಉಳಿಯೋ ಹಳೇ ಅಲೆ. ದೋಣಿ ಅಡ್ಡಕ್ಕೆ ನಿಂತು ರಾತ್ರಿಯಿಡೀ ಅತ್ತಿತ್ತ ಉರುಳುತ್ತೆ, ನಿದ್ದೆ ಇಲ್ಲ. ಎರಡನೇದು ಡಿಂಗಿ. ಅಲ್ಲಾಡೋ ಏಣಿಯಿಂದ ಅಲ್ಲಾಡೋ ಡಿಂಗಿಗೆ ಕಾಲಿಡೋದು ಮಂಡಿನೋವಿನವರಿಗೆ ಆಗದ ಕೆಲಸ. ನಿದ್ರಿಯಲ್ಲಿ ಅವರಿಗೊಂದು ರೂಮು ಮಾಡಿಕೊಡಿ. ಬೆಳಗ್ಗೆ ನೀರು ಅಲ್ಲಾಡದ ಹೊತ್ತಿನಲ್ಲಿ ದಕ್ಕೆಯಿಂದಲೇ ಹತ್ತಿಸಿಕೊಂಡು ಮೆಗನೀಸಿ ತನಕ ಸುತ್ತಿಸಿ, ಮೈಸ್ತ್ರೋ ಏಳೋ ಮುಂಚೆ ವಾಪಸ್ ಬಿಡಿ. ಅವರಿಗೂ ಖುಷಿ, ನಿಮಗೂ ನಿರಾಳ.

ಅಡುಗೆಗೆ ಕುಕ್ಕರ್ ಒಂದಿದ್ದರೆ ಸಾಕು. ಮುಚ್ಚಳ ಗಟ್ಟಿ, ದೋಣಿ ವಾಲಿದರೂ ಚೆಲ್ಲೋದಿಲ್ಲ, ಗ್ಯಾಸೂ ನೀರೂ ಉಳಿಯುತ್ತೆ. ಮೋಡ ಕಂಡ ಸಂಜೆ ಬೇಗ ಬಿಸಿಬೇಳೆಬಾತ್ ಮಾಡಿ, ಫ್ಲಾಸ್ಕಿಗೆ ಬಿಸಿನೀರು ತುಂಬಿ, ಒಲೆ ಆರಿಸಿಬಿಡ್ತೀನಿ. ಹಸಿದ ಹೊಟ್ಟೆಯಲ್ಲಿ ರಾತ್ರಿ ಕಾವಲು ಕೂರೋದು ತುಂಬಾ ಕಷ್ಟ.

ತುಂಗಾತೀರ:
ಮಾತಾಡಿಕೊಂಡ್ವಿ. ಮೇ 15ರ ಹೊತ್ತಿಗೆ ದೋಣಿಯನ್ನು ನೀರಿಗಿಳಿಸ್ತೀವಿ, ಆಗಸ್ಟ್ ಎರಡನೇ ವಾರ ಮತ್ತೆ ಯಾರ್ಡಿಗೆ. ಅಪ್ಪ ಅಮ್ಮ ಜೂನ್‌ನಲ್ಲಿ ಬರ್ತಾರೆ, ನಿದ್ರಿಯಲ್ಲಿ ರೂಮು ನೋಡ್ತಾ ಇದ್ದೀವಿ. ಅಮ್ಮನಿಗೆ ಇದೇ ಇಷ್ಟವಾಯ್ತು.

ಕೊನೆಯದಾಗಿ ಒಂದು. ದೋಣಿಯಲ್ಲಿ 40 ಮೀಟರ್ ಚೈನು ಇದೆಯಂತೆ. ಸಾಕಾಗುತ್ತಾ?

ಬಡಗಣಗಾಳಿ:
ಸಾಲದು. ಅಲ್ಲಿ ಕೊಲ್ಲಿಗಳು ದಡದ ಹತ್ತಿರವೇ ಆಳ, 8–10 ಮೀಟರಿನಲ್ಲಿ ಹಾಕಬೇಕಾದ ಕಡೆಗಳು ಬಹಳ. 60 ಮೀಟರ್ ಚೈನು ಹಾಕಿಸಿ. ಮುಂದೆ ಅಷ್ಟು ಭಾರ ಬೇಡವಾದರೆ 40 ಮೀಟರಿನ ತುದಿಗೆ 30 ಮೀಟರ್ ನೈಲಾನ್ ಹಗ್ಗ ಹೆಣೆಸಿ. ನೀರಿಗಿಳಿಸುವ ಮೊದಲೇ, ಯಾರ್ಡಿನ ನೆಲದ ಮೇಲೆ ಚೈನನ್ನು ಪೂರ್ತಿ ಹೊರಗೆಳೆದು ಹಾಸಿ ತುಕ್ಕು ನೋಡಿ, 10 ಮೀಟರಿಗೊಂದು ಬಣ್ಣ ಬಳಿಯಿರಿ. ಒಳತುದಿಯನ್ನು ದೋಣಿಗೆ ಕಬ್ಬಿಣದ ಕೊಂಡಿಯಿಂದ ಸಿಕ್ಕಿಸಿದ್ದರೆ ಬಿಚ್ಚಿಸಿ, ಡೆಕ್ಕಿನ ಮೇಲೆ ಬರುವಷ್ಟು ಉದ್ದದ ಗಟ್ಟಿ ಹಗ್ಗದಿಂದ ಕಟ್ಟಿ, ಹತ್ತಿರ ಒಂದು ಚಾಕು ಇಡಿ. ಗಾಳಿ ಬರುವ ಕಡೆಯಿಂದ ದೊಡ್ಡ ದೋಣಿಯೊಂದು ಜಾರಿ ಬರುತ್ತಿದ್ದರೆ, ಚೈನು ಎತ್ತಲು ಹೊತ್ತಿಲ್ಲದಿದ್ದರೆ, ಚೈನಿನ ತುದಿಗೆ ಫೆಂಡರ್ (ದೋಣಿಯ ಪಕ್ಕಕ್ಕೆ ತೂಗಿಬಿಡುವ ಗಾಳಿ ತುಂಬಿದ ದಿಂಬು) ಕಟ್ಟಿ ಹಗ್ಗ ಕತ್ತರಿಸಿ ಹೊರಟುಬಿಡಬಹುದು. ಫೆಂಡರ್ ತೇಲುತ್ತಿರುತ್ತದೆ, ಬೆಳಗ್ಗೆ ಬಂದು ಲಂಗರು ಎತ್ತಿಕೊಳ್ಳಿ.